ಅರ್ಥಕ್ಕೆ ಬಿಟ್ಟ ಮೂರು ನಿಮಿಷ

ಹಲ್ಲು ಬಾಯಿಯಲ್ಲಿ ನೆಟ್ಟ ಕಲ್ಲುಕಂಬವಲ್ಲ. ಒಳಗಿನಿಂದ ನಾಲಗೆ ತಳ್ಳುತ್ತದೆ, ಹೊರಗಿನಿಂದ ತುಟಿ ತಡೆಯುತ್ತದೆ. ಈ ಜಗ್ಗಾಟ ಸಮವಾದ ಕಡೆ ಹಲ್ಲು ನಿಂತಿರುತ್ತದೆ. ವಯಸ್ಸಾಗಿ ಒಸಡು ಸಡಿಲಾದರೆ ಆ ಪಂಚಾಯ್ತಿ ಮುರಿದುಬೀಳುತ್ತದೆ. ಮುಂದಿನ ಹಲ್ಲುಗಳು ದಾಯಾದಿಗಳ ಹಾಗೆ ಒಂದೊಂದು ದಿಕ್ಕಿಗೆ ಮುಖ ತಿರುಗಿಸಿ ನಿಲ್ಲುತ್ತವೆ. ಅಂಥ ಹಲ್ಲಿಗೆ ತಂತಿ ಕಟ್ಟಿ ಎಳೆದರೆ ಬೇರೇ ಕೈಗೆ ಬರುತ್ತದೆ.

“ಎಳೆಯೋದೇ ಬೇಡ. ಮನುಷ್ಯ ಆಡೋ ಮಾತೇ ಅವನ ಹಲ್ಲನ್ನ ಸರಿಸೋ ಹಾಗಾದ್ರೆ?” ಎಂದು ಡಾಕ್ಟರ್ ತ್ರಿವೇಣಿ ಶಾನಭಾಗರು ಒಂದು ದಿನ ಕೇಳಿದ್ದರು. ದಾವಣಗೆರೆಯ ಹೊರಗಿನ ಆ ಸಣ್ಣ ದಂತ ಸಂಶೋಧನಾ ಕೇಂದ್ರದಲ್ಲಿ ಆ ಒಂದು ಪ್ರಶ್ನೆಗೆ ಎಂಟು ವರ್ಷ ಹೋಯಿತು. ಉತ್ತರವಾಗಿ ಬಂದದ್ದು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ, ಹಲ್ಲಿನ ಮೇಲೆ ಕೂರುವ ಒಂದು ಕ್ಲಿಪ್. ಅದಕ್ಕೆ ತಂತಿಯಿಲ್ಲ, ಬ್ಯಾಟರಿಯಿಲ್ಲ, ನಾಲಗೆಯ ಪೆಟ್ಟೇ ಅದರ ಶಕ್ತಿ. ಮಾತಾಡುವಾಗ ನಾಲಗೆ ಎಲ್ಲೆಲ್ಲಿ ಬಡಿಯುತ್ತದೋ ಅಲ್ಲೆಲ್ಲ ಆ ಪುಟ್ಟ ಪೆಟ್ಟುಗಳನ್ನು ಕೂಡಿಹಾಕಿ, ಯಾವ ಹಲ್ಲಿಗೆ ಯಾವ ಕಡೆಯಿಂದ ಎಷ್ಟು ಬೇಕೋ ಅಷ್ಟನ್ನು ಹಂಚುತ್ತದೆ. ಊಟಕ್ಕೆ ತೆಗೆದಿಡಬೇಕು, ಉಳಿದ ಹೊತ್ತೆಲ್ಲ ಹಾಕಿಕೊಂಡಿರಬೇಕು, ದಿನಕ್ಕೆ ಒಂದು ಗಂಟೆಯಾದರೂ ಮಾತಾಡಬೇಕು. ಇಷ್ಟೇ ಪಥ್ಯ.

ಅರವತ್ತು ದಾಟಿದ ನಲವತ್ತು ಮಂದಿಯ ಬಾಯಿಗೆ ಕ್ಲಿಪ್ ಹಾಕಿದ ಮೇಲೆ ಗೊತ್ತಾಯಿತು, ಆ ಪಥ್ಯ ಎಷ್ಟು ಕಷ್ಟದ್ದೆಂದು.

ಗೆರೆ ನೋಡುವ ಕೆಲಸ ಇಂದುಧರನದು. ನಲವತ್ತರ ಕೊನೆಯಲ್ಲಿದ್ದ ದಂತವೈದ್ಯ, ಮಾತು ಕಡಿಮೆ. ಕ್ಲಿಪ್ಪುಗಳಿಂದ ಬರುವ ಸುದ್ದಿ ಅವನೆದುರಿನ ಪರದೆಯ ಮೇಲೆ ಗೆರೆಯಾಗಿ ಓಡುತ್ತಿತ್ತು. ಧ್ವನಿ ಬರುತ್ತಿರಲಿಲ್ಲ, ಕದ್ದು ಕೇಳಬಾರದೆಂದು ಅದನ್ನು ಮೊದಲೇ ಬಿಟ್ಟಿದ್ದರು. ಹೆಸರುಗಳೂ ಅವನಿಗೆ ತಿಳಿಯುವಂತಿರಲಿಲ್ಲ, ಬರೀ ಸಂಖ್ಯೆ. ಆದರೂ ದಿನವಿಡೀ ನೋಡುವವನಿಗೆ ಏನು ಮರೆಯಾಗಿರುತ್ತದೆ? ಹನ್ನೆರಡನೆಯವರ ಗೆರೆ ಬೆಳಗಿನ ಏಳಕ್ಕೇ ಕುಣಿಯತೊಡಗುತ್ತಿತ್ತು. ಮಾರುಕಟ್ಟೆಯಲ್ಲಿ ಏನೋ ಮಾರುವವರಿರಬೇಕು, ಹಲ್ಲು ಮೂರೇ ತಿಂಗಳಲ್ಲಿ ಸಾಲಾದವು. ಏಳನೆಯವರ ಗೆರೆ ಒಂದು ಮಂಗಳವಾರದಿಂದ ಮಲಗಿಬಿಟ್ಟಿತು. ಎರಡು ವಾರ ಹಾಗೇ ಮಲಗಿತ್ತು. ಆ ಮನೆಯಲ್ಲಿ ಯಾರು ಹೋದರೋ, ಕೇಳುವಂತಿಲ್ಲ. ಇಂದುಧರ ಪುಸ್ತಕದಲ್ಲಿ ‘ಪ್ರಗತಿ ಇಲ್ಲ’ ಎಂದು ಬರೆದು, ಬರೆದದ್ದನ್ನೇ ಸ್ವಲ್ಪ ಹೊತ್ತು ನೋಡುತ್ತ ಕೂತಿದ್ದ.

ಪ್ರಯೋಗ ಶುರುವಾಗುವ ಮುನ್ನ ಕೇಂದ್ರದವರೆಲ್ಲ ಒಂದೊಂದು ವಾರ ಕ್ಲಿಪ್ ಹಾಕಿಕೊಂಡು ನೋಡಿದ್ದರು. ಇಂದುಧರನ ಲೆಕ್ಕ ದಿನಕ್ಕೆ ಹನ್ನೊಂದು ನಿಮಿಷ ಬಂದಿತ್ತು.

“ಸಾರ್, ನಿಮ್ಮ ಕ್ಲಿಪ್ ಕೆಟ್ಟಿದೆ ಮಾರಾಯ್ರೆ,” ಎಂದು ನರ್ಸ್ ಫಿಲೋಮಿನಾ ಹೊಸದು ಕೊಟ್ಟಳು. ಹೊಸದರಲ್ಲೂ ಹನ್ನೊಂದೇ ಬಂತು. ಎಲ್ಲರೂ ನಕ್ಕರು, ಅವನೂ ನಕ್ಕ. ಮನೆಗೆ ಹೋಗಿ ಲೆಕ್ಕ ಹಾಕಿದ: ಹಾಲಿನವನ ಹತ್ತಿರ ಒಂದು ನಿಮಿಷ, ಕೆಲಸದ ಮಾತು ಎಂಟು, ಮಂಡಕ್ಕಿ ಅಂಗಡಿಯಲ್ಲಿ ಎರಡು. ಸರಿಯಾಗಿಯೇ ಇತ್ತು.

ಐದನೆಯ ತಿಂಗಳಲ್ಲಿ, ಒಂದು ಶುಕ್ರವಾರ, ಮೂವತ್ತೊಂದನೆಯ ಗೆರೆ ಕೆಂಪಾಯಿತು.

ಕೆಂಪೆಂದರೆ ನಡುಕ. ನರದ ಕಾಯಿಲೆ ಇರುವವರ ನಾಲಗೆ ತನ್ನಷ್ಟಕ್ಕೇ ಒಂದೇ ಸಮನೆ ಅದುರುತ್ತದೆ. ಆ ಅದುರು ಹಲ್ಲಿಗೆ ಹೋದರೆ ಬೇರು ಸಡಿಲವಾಗುತ್ತದೆ. ಅದಕ್ಕೇ ಗೆರೆ ಓದುವ ಯಂತ್ರ ನಡುಕ ಕಂಡ ಕ್ಷಣ, ಪೆಟ್ಟು ಹಲ್ಲಿಗೆ ದಾಟದಂತೆ ಆ ಕ್ಲಿಪ್ಪನ್ನು ತಾನೇ ಬಿಗಿದುಬಿಡುತ್ತಿತ್ತು.

“ಸೋಮವಾರ ಕರೆಸಿ ಕ್ಲಿಪ್ ತೆಗೆದುಬಿಡೋಣ. ನರರೋಗದವರ ಹತ್ತಿರ ಕಳಿಸೋಣ,” ಎಂದರು ಶಾನಭಾಗರು.

“ಮೇಡಂ, ಹಲ್ಲು ಅರ್ಧ ದಾರೀಲಿದಾವೆ. ಮುಂದಿನ ಆರೂ. ಈಗ ತೆಗೆದ್ರೆ ಆರೂ ಬಿದ್ದುಹೋಗ್ತವೆ.”

“ಗೊತ್ತು ಇಂದುಧರ್. ನಡುಕ ಇಟ್ಕೊಂಡು ಬಿಟ್ರೂ ಬೀಳ್ತವೆ.”

ಅದೂ ನಿಜವೇ. ಸರಿಸುತ್ತಿರುವ ಹಲ್ಲಿನಷ್ಟು ನಿರ್ಗತಿಕ ಹಲ್ಲು ಇನ್ನೊಂದಿಲ್ಲ. ಹಳೆಯ ಮನೆ ಬಿಟ್ಟಾಗಿದೆ, ಹೊಸ ಮನೆಯ ಬಾಗಿಲು ಇನ್ನೂ ತೆರೆದಿಲ್ಲ.

ಆ ಸಂಜೆ ಇಂದುಧರ ಮೂವತ್ತೊಂದರ ಗೆರೆಯನ್ನು ಕಾಗದಕ್ಕಿಳಿಸಿ ಮನೆಗೆ ತಂದ. ಮನೆಯೆಂದರೆ ಕೇಂದ್ರದ ಹಿಂದಿನ ಎರಡು ಕೋಣೆಯ ಕ್ವಾರ್ಟರ್ಸು. ಮದುವೆಯಾಗಿ ಮೂರು ವರ್ಷ ಜೊತೆಗಿದ್ದ ಹೆಂಡತಿ ಜಗಳವಿಲ್ಲದೆಯೇ ಬೇರೆಯಾಗಿ ಬಹಳ ಕಾಲವಾಗಿತ್ತು. “ನಿಮ್ಮ ಜೊತೆ ಜಗಳ ಆಡೋಕೂ ಮಾತು ಬೇಕಲ್ರೀ,” ಎಂದಿದ್ದಳು ಹೋಗುವಾಗ. ಮಂಡಕ್ಕಿ ಪೊಟ್ಟಣ ಬಿಚ್ಚಿ, ಕಾಗದವನ್ನು ಮೇಜಿನ ಮೇಲೆ ಹರವಿ ಕೂತ. ಗಿಡ್ಡ ಪೆಟ್ಟು, ಉದ್ದ ಪೆಟ್ಟು, ಉದ್ದದ್ದು ಸರಿಯಾಗಿ ಗಿಡ್ಡದ ಎರಡರಷ್ಟು. ನಡುಕ ಹೀಗೆ ಅಳೆದಿಟ್ಟಂತೆ ಬರುತ್ತದೆಯೇ?

ಎಡಗೈ ತೊಡೆಯ ಮೇಲಿತ್ತು. ಕಣ್ಣು ಗೆರೆಯ ಮೇಲೆ ಓಡುತ್ತಿರುವಾಗ ಆ ಕೈ ಯಾರ ಅಪ್ಪಣೆಯನ್ನೂ ಕೇಳದೆ ತಾಳ ಹಾಕತೊಡಗಿತು. ಮೂರು, ನಾಲ್ಕು. ಮೂರು, ನಾಲ್ಕು. ಆಮೇಲೆ ಒಂದು ಚೂರು ವಿರಾಮ. ಮತ್ತೆ ಮೂರು, ನಾಲ್ಕು, ಮೂರು, ನಾಲ್ಕು. ಮೂರನೆಯ ಸಾಲು ಉದ್ದ: ಮೂರು-ನಾಲ್ಕು ಮೂರು ಸಲ ಬಂದು ಕೊನೆಗೊಂದು ಗುರು.

ಇಂದುಧರನ ಕೈಯಲ್ಲಿದ್ದ ಮಂಡಕ್ಕಿ ಬಾಯಿಗೆ ಹೋಗಲಿಲ್ಲ.

ಅವನ ತಂದೆ ಹಳ್ಳಿಯ ಮಠದಲ್ಲಿ ಶ್ರಾವಣದ ಪುರಾಣಕ್ಕೆ ಅರ್ಥ ಹೇಳುತ್ತಿದ್ದವರು. ಪುರಾಣಕ್ಕೆ ಇಬ್ಬರು ಬೇಕು. ಒಬ್ಬರು ಪದ್ಯವನ್ನು ಒಮ್ಮೆ ಸರಳವಾಗಿ, ಒಮ್ಮೆ ರಾಗದಲ್ಲಿ ಓದಿ ನಿಲ್ಲಿಸುತ್ತಾರೆ. ಇನ್ನೊಬ್ಬರು ಅರ್ಥ ಬಿಡಿಸಿ ಹೇಳುತ್ತಾರೆ. ಆಮೇಲೆ ಮುಂದಿನ ಪದ್ಯ. ಆರು ವರ್ಷದ ಇಂದುಧರ ತಂದೆಯ ಮಂಡಿಗೆ ಒರಗಿ ಕೂತು, ಅರ್ಥ ತಿಳಿಯದಿದ್ದರೂ ತೊಡೆಯ ಮೇಲೆ ಷಟ್ಪದಿಯ ಲೆಕ್ಕ ಹಾಕುತ್ತಿದ್ದ. ಆರು ಸಾಲು, ಭಾಮಿನಿ. ಅದು ಕಿವಿಗಿಂತ ಮೊದಲು ಮೈಗೆ ಹತ್ತಿದ ವಿದ್ಯೆ. ಇಷ್ಟು ವರ್ಷ ಎಲ್ಲಿ ಅಡಗಿತ್ತೋ.

ಬೆಳಗಿನವರೆಗೂ ಕಾಯಲು ಮನಸ್ಸು ಒಪ್ಪದಿದ್ದರೂ ಕಾದ. ಮಾರನೆಯ ದಿನ ಎಂಟಕ್ಕೇ ಶಾನಭಾಗರ ಮೇಜಿನ ಮೇಲೆ ಕಾಗದ ಹರವಿದ.

“ಇದು ನಡುಕ ಅಲ್ಲ ಮೇಡಂ. ಪದ್ಯ.”

ಶಾನಭಾಗರು ಕನ್ನಡಕ ತೆಗೆದು ಒರೆಸಿದರು. “ರಾತ್ರಿ ನಿದ್ದೆ ಆಯ್ತಾ?”

“ನೋಡಿ, ಪ್ರತಿ ಸಾಲಿನ ಎರಡನೇ ಅಕ್ಷರ ನೋಡಿ. ಆರೂ ಸಾಲಲ್ಲಿ ಒಂದೇ ಜಾಗ, ನಾಲಗೆ ತುದಿ ಮೇಲಿನ ಹಲ್ಲಿನ ಹಿಂದೆ. ತಕಾರ ಇರಬೇಕು, ಇಲ್ಲಾ ದಕಾರ. ಮುಂದಿನ ಪದ್ಯದಲ್ಲಿ ಆರೂ ಕಡೆ ತುಟಿ. ಅದರ ಮುಂದಿನದರಲ್ಲಿ ಮತ್ತೆ ಹಲ್ಲು. ಇದು ಪ್ರಾಸ. ಕಾಯಿಲೆ ಪ್ರಾಸ ಹಾಕಲ್ಲ ಮೇಡಂ.”

ಶಾನಭಾಗರು ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡರು. ಬೆರಳಿಟ್ಟು ಎಣಿಸಿದರು, ಇನ್ನೊಮ್ಮೆ ಎಣಿಸಿದರು. “ಐದು ತಿಂಗಳು ಯಾಕೆ ಕೆಂಪಾಗಲಿಲ್ಲ?”

“ಆಗ ಹಲ್ಲಿನ ಮಧ್ಯೆ ಸಂದಿ ಇತ್ತು, ನಾಲಗೆ ಜಾರ್ತಿತ್ತು. ಈಗ ಹಲ್ಲು ಹತ್ತಿರ ಬಂದಿವೆ, ಪೆಟ್ಟು ಸ್ಪಷ್ಟವಾಗಿದೆ. ವಾಸಿ ಆಗ್ತಿರೋದಕ್ಕೇ ಯಂತ್ರಕ್ಕೆ ಅನುಮಾನ ಬಂದಿದೆ.”

“ಮತ್ತೆ ಪದ್ಯಕ್ಕೂ ಪದ್ಯಕ್ಕೂ ನಡುವೆ ಇದೇನು? ಮೂರು ಮೂರು ನಿಮಿಷ ಗೆರೆ ಸತ್ತ ಹಾಗೆ ಬಿದ್ದಿದೆ?”

ಅದನ್ನು ಅವನೂ ನೋಡಿದ್ದ. ಅಲ್ಲಿ ಅರ್ಥ ಹೇಳುವವರು ಮಾತಾಡುತ್ತಿರಬೇಕು, ಓದಿದವರು ಕೇಳುತ್ತಿರಬೇಕು ಎಂದುಕೊಂಡಿದ್ದ. “ಇನ್ನೊಬ್ಬರು ಅರ್ಥ ಹೇಳ್ತಿದಾರೆ ಮೇಡಂ. ಆ ಇನ್ನೊಬ್ಬರು ಬಂದು ಹೌದು ಅಂದ್ರೆ ಸಾಕಲ್ಲ, ಸಾಕ್ಷಿ ಆಯ್ತು.”

ಫಿಲೋಮಿನಾ ಮೂವತ್ತೊಂದರ ದಿನಚರಿ ಪುಸ್ತಕ ತಂದಳು. ಪ್ರತಿಯೊಬ್ಬರೂ ದಿನಾ ಬರೆಯಬೇಕಾದದ್ದು: ಯಾರೊಂದಿಗೆ ಮಾತಾಡಿದಿರಿ, ಎಷ್ಟು ಹೊತ್ತು. ಹೆಸರು ಕೊಟ್ರಮ್ಮ. ವಯಸ್ಸು ಎಪ್ಪತ್ತೊಂದು. ದುಂಡಗಿನ ಅಕ್ಷರದಲ್ಲಿ ನೂರೈವತ್ತು ದಿನವೂ ಒಂದೇ ಸಾಲು ಇತ್ತು: ‘ಮರುಳಸಿದ್ದಪ್ಪ ಮೇಷ್ಟ್ರು. ಒಂದು ಗಂಟೆ.’

“ಸದ್ಯ,” ಎಂದು ಫಿಲೋಮಿನಾ ಅಲ್ಲೇ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಇಟ್ಟಳು. “ಅಮ್ಮಾ, ಹಲ್ಲಿನ ಆಸ್ಪತ್ರೆಯಿಂದ. ಸೋಮವಾರ ಬರುವಾಗ ನಿಮ್ಮ ಮರುಳಸಿದ್ದಪ್ಪ ಮೇಷ್ಟ್ರನ್ನ ಕರ್ಕೊಂಡು ಬನ್ನಿ ಆಯ್ತಾ?”

ಆ ಕಡೆಯಿಂದ ಬಂದ ದನಿ ಬಿಗಿದ ಕ್ಲಿಪ್ಪಿನಿಂದಾಗಿ ತೊದಲುತ್ತಿತ್ತು, ಆದರೆ ಗಟ್ಟಿಯಾಗಿತ್ತು. “ಅವರನ್ನೆಲ್ಲಿಂದ ಕರ್ಕಂಡು ಬರ್ಲವ್ವ? ಅವರು ಲಿಂಗೈಕ್ಯರಾಗಿ ನಾಕು ವರ್ಷ ಆತು.”

ಫಿಲೋಮಿನಾ ದಿನಚರಿಯನ್ನು ಮತ್ತೆ ತೆರೆದಳು.

“ಮತ್ತೆ... ಪುಸ್ತಕದಲ್ಲಿ ದಿನಾ ಅವರ ಜೊತೆ ಮಾತಾಡಿದೆ ಅಂತ ಬರೆದಿದ್ದೀರಲ್ಲಮ್ಮ?”

“ಯಾರ ಜೊತೆ ಮಾತಾಡಿದ್ರಿ ಅಂತ ಕೇಳಿದ್ರಿ, ಬರ್ದೆ. ಅವರು ಬದುಕ್ಯಾರೋ ಇಲ್ಲೋ ಅಂತ ನೀವು ಕೇಳಲೇ ಇಲ್ಲಲ್ಲ.”

ಫಿಲೋಮಿನಾ ಬಾಯಿಗೆ ಕೈ ಅಡ್ಡ ಹಿಡಿದಳು, ನಗುವನ್ನೋ ಇನ್ನೇನನ್ನೋ ತಡೆಯಲು. ಇಂದುಧರ ಕಾಗದದ ಮೇಲಿನ ಆ ಖಾಲಿ ಜಾಗಗಳನ್ನು ನೋಡುತ್ತಿದ್ದ. ಆ ಹೆಂಗಸು ಪದ್ಯ ಓದಿ ನಿಲ್ಲಿಸುತ್ತಾಳೆ. ಇಲ್ಲದ ಮನುಷ್ಯ ಅರ್ಥ ಹೇಳಿ ಮುಗಿಸುವವರೆಗೆ ಮೂರು ನಿಮಿಷ ಸುಮ್ಮನಿರುತ್ತಾಳೆ. ಆಮೇಲೆ ಮುಂದಿನ ಪದ್ಯ. ನೂರೈವತ್ತು ದಿನ.

ಶಾನಭಾಗರು ಕಲ್ಲುಮನಸ್ಸಿನವರಲ್ಲ, ಆದರೆ ಪ್ರಯೋಗ ಪ್ರಯೋಗವೇ. ದಿನಚರಿಯಲ್ಲಿ ಸತ್ತವರ ಹೆಸರಿದ್ದರೆ ಅದು ಸುಳ್ಳು ದಾಖಲೆ. ನಡುಕವೆಂದರೂ ಕ್ಲಿಪ್ ಹೋಗುತ್ತದೆ, ಪದ್ಯವೆಂದರೂ ಹೋಗುತ್ತದೆ. ನೀತಿ ಸಮಿತಿಯ ಮೂವರು ಸೋಮವಾರ ಪರದೆಯ ಮೇಲೆ ಕೂತು ಒಂದೂವರೆ ಗಂಟೆ ವಾದಿಸಿದರು. ಕೊನೆಗೆ ಬಂದ ತೀರ್ಮಾನ ಹೀಗಿತ್ತು: ಮೂವತ್ತೊಂದನೆಯವರ ಫಲಿತಾಂಶ ಪ್ರಯೋಗಕ್ಕೆ ಸೇರುವುದಿಲ್ಲ. ಆದರೆ ಹಲ್ಲು ಉಳಿಸುವುದು ವೈದ್ಯಧರ್ಮ. ಉಳಿದ ಹದಿನಾರು ವಾರ ಕ್ಲಿಪ್ ಇರಲಿ. ಒಂದೇ ಷರತ್ತು. ಓದುವಾಗ ಬದುಕಿರುವ ಒಬ್ಬರು ಎದುರಿಗೆ ಕೂತು ಕೇಳಬೇಕು, ನಡುಕವಲ್ಲ ಮಾತು ಎಂದು ದಿನಾ ಸಹಿ ಹಾಕಬೇಕು. ಒಂದು ದಿನ ತಪ್ಪಿದರೂ ಕ್ಲಿಪ್ ಬಿಗಿಯುತ್ತದೆ. ಕೇಳುವವರು ಪ್ರಯೋಗದ ಸಿಬ್ಬಂದಿ ಆಗಿರಬಾರದು.

ಫಿಲೋಮಿನಾ ಕೇಳುವವರನ್ನು ಹುಡುಕುತ್ತ ಎರಡು ದಿನ ಕೊಟ್ರಮ್ಮನ ಬೀದಿಯಲ್ಲಿ ತಿರುಗಿದಳು. ಹಳೆಯ ಹತ್ತಿ ಗಿರಣಿಯ ಹಿಂದಿನ ಸಾಲುಮನೆಗಳು. ಕೊಟ್ರಮ್ಮ ಮದುವೆಯಾದವಳಲ್ಲ, ನಲವತ್ತು ವರ್ಷ ಮಠದಲ್ಲಿ ಪುರಾಣ ಓದಿದವಳು, ಆಕೆಯ ಓದಿಗೆ ಅರ್ಥ ಹೇಳುತ್ತಿದ್ದವರು ಮರುಳಸಿದ್ದಪ್ಪ ಮೇಷ್ಟ್ರು. ಹಲ್ಲಿನ ಸಂದಿಯಲ್ಲಿ ಅಕ್ಷರ ಸೋರತೊಡಗಿದಾಗ ತಾನೇ ಪೀಠ ಬಿಟ್ಟು ಎದ್ದು ಬಂದಿದ್ದಳು. ನೆರೆಯವರು ಒಳ್ಳೆಯವರೇ. ಆದರೆ ಒಂದು ಗಂಟೆಯ ಓದು, ನಡುನಡುವಿನ ಮೌನ ಸೇರಿ ದಿನಾ ಬೆಳಿಗ್ಗೆ ಎರಡೂವರೆ ಗಂಟೆ, ಹದಿನಾರು ವಾರ? “ಭಾನುವಾರ ಬೇಕಾದ್ರೆ ಕುಂದ್ರತೀನ್ರಿ ಸಿಸ್ಟರ್,” ಎಂದಳೊಬ್ಬಳು. ಇನ್ನೊಬ್ಬಾತ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟರೆ ಆಮೇಲೆ ಕೇಳುತ್ತೇನೆ ಎಂದ.

ಕ್ಲಿಪ್ ಬಿಗಿದು ಐದು ದಿನವಾಗಿತ್ತು. ಮುಂದಿನ ಎರಡು ಹಲ್ಲು ಬೆರಳು ತಾಗಿದರೆ ಅಲುಗುತ್ತಿವೆ ಎಂದು ಫಿಲೋಮಿನಾ ಹೇಳಿದಳು.

“ಮೇಡಂ, ನಾನು ಸಿಬ್ಬಂದಿ ಅಲ್ಲ ಅಂದ್ಕೊಳ್ಳಿ,” ಎಂದ ಇಂದುಧರ.

ಶಾನಭಾಗರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಆಮೇಲೆ, “ಎಂಟು ವರ್ಷ ಇಂದುಧರ್. ಮೂರು ತಿಂಗಳಲ್ಲಿ ಮೊದಲ ಐದು ತಿಂಗಳ ಫಲಿತಾಂಶ ಪ್ರಕಟ ಆಗತ್ತೆ. ನಿಮ್ಮ ಹೆಸರು ನನ್ನ ಹೆಸರಿನ ಪಕ್ಕ ಇದೆ. ಬಿಟ್ಟು ಹೋದ್ರೆ ತೆಗೀಲೇಬೇಕಾಗತ್ತೆ. ನಾನು ಇಡ್ತೀನಿ ಅಂದ್ರೂ ಅವರು ಬಿಡಲ್ಲ.”

“ಗೊತ್ತು ಮೇಡಂ.”

“ಒಬ್ಬರ ಆರು ಹಲ್ಲಿಗೆ.”

ಇಂದುಧರ ಎರಡು ಸಾಲಿನ ರಾಜೀನಾಮೆ ಬರೆದುಕೊಟ್ಟು, ಪಕ್ಕದ ಕಾಲೇಜಿನ ಹೊರರೋಗಿ ವಿಭಾಗಕ್ಕೆ ಹಲ್ಲು ಕೀಳುವ ಕೆಲಸಕ್ಕೆ ಸೇರಿಕೊಂಡ.

ಗುರುವಾರ ಬೆಳಿಗ್ಗೆ ಐದೂವರೆಗೆ ಅವನು ಗಿರಣಿ ಹಿಂದಿನ ಸಾಲುಮನೆಯ ಬಾಗಿಲಲ್ಲಿ ನಿಂತಿದ್ದ. ಹಣೆ ತುಂಬ ವಿಭೂತಿ ಹಚ್ಚಿದ ಸಣ್ಣ ದೇಹದ ಕೊಟ್ರಮ್ಮ ಬಾಗಿಲು ತೆಗೆದು, ಅವನನ್ನು ಮೇಲಿಂದ ಕೆಳಗೆ ನೋಡಿದಳು.

“ನೀವೇನಾ ನನ್ನ ನಾಲಿಗೆ ಎಣಿಸಿದೋರು?”

“ಹೌದಮ್ಮ.”

“ಎಷ್ಟು ಬಂತು?”

“ಮೂರು, ನಾಲ್ಕು. ಮೂರು, ನಾಲ್ಕು.”

ಆಕೆಯ ಮುಖ ಸಡಿಲವಾಯಿತು. “ಬರ್ರಿ ಒಳಗೆ. ಕಾಲು ತೊಳ್ಕಂಡು ಬರ್ರಿ.”

ಒಂದು ಕೋಣೆ. ವ್ಯಾಸಪೀಠದ ಮೇಲೆ ಕೈಬರಹದ ದಪ್ಪ ಪುಸ್ತಕ, ಅಚ್ಚಾಗದ ಯಾವುದೋ ಮಠದ ಪುರಾಣ. ಎದುರಿಗೆ ಒಂದು ಚಾಪೆ, ಅದರ ಪಕ್ಕದಲ್ಲಿ ಮಡಿಸಿಟ್ಟ ಇನ್ನೊಂದು ಚಾಪೆ. ಇಂದುಧರ ಮಡಿಸಿಟ್ಟ ಚಾಪೆಯತ್ತ ಬಗ್ಗಿದ.

“ಅದಲ್ಲ. ಈ ಕಡೆ ಕುಂದ್ರಿ.”

ಅವನು ಕೇಂದ್ರದವರು ಕೊಟ್ಟ ಪುಟ್ಟ ಯಂತ್ರ ಒತ್ತಿ ಕ್ಲಿಪ್ಪಿನ ಬಿಗಿ ಬಿಡಿಸಿದ. ಆಕೆ ನಾಲಗೆಯಿಂದ ಹಲ್ಲುಗಳನ್ನೊಮ್ಮೆ ಮುಟ್ಟಿ ನೋಡಿಕೊಂಡಳು. ಕಣ್ಣು ಮುಚ್ಚಿ ಶುರುಮಾಡಿದಳು.

“ಮಾತು ಬಾರದ ಮನೆಗೆ ಬಂದನು
ಜ್ಯೋತಿ ಹಚ್ಚಿದ ಹಾಗೆ ನಗುತಲಿ
ಕೂತು ಕೇಳುವೆನೆಂದು ಗುರುವಿನ ಪಾದದೆಡೆಯೊಳಗೆ...”

ತಕಾರ ಬಂದಲ್ಲೆಲ್ಲ ಗಾಳಿ ಸೋರುತ್ತಿತ್ತು. ನೋವಾಗುತ್ತಿರಬೇಕು, ಕೆನ್ನೆ ಅದುರುತ್ತಿತ್ತು. ಆದರೂ ಆರು ಸಾಲು ಮುಗಿಸಿ, ರಾಗದಲ್ಲಿ ಇನ್ನೊಮ್ಮೆ ಓದಿ ನಿಲ್ಲಿಸಿದಳು.

ಇಂದುಧರ ನೆಟ್ಟಗೆ ಕೂತ. ಈಗ ಅರ್ಥದ ಸರದಿ. ತಂದೆ ಹೇಗೆ ಶುರುಮಾಡುತ್ತಿದ್ದರು? ‘ಕೇಳಿರೈ ಶರಣರೇ’ ಎಂದೋ, ಇನ್ನೇನೋ. ಗಂಟಲು ಸರಿಮಾಡಿಕೊಂಡು, “ಮಾತು ಬಾರದ ಮನೆ ಅಂದ್ರೆ...” ಎಂದ.

ಕೊಟ್ರಮ್ಮ ಕಣ್ಣು ತೆರೆಯದೆಯೇ ಕೈ ಎತ್ತಿದಳು.

“ಅದು ಮೇಷ್ಟ್ರ ಹೊತ್ತು. ನೀವು ಕೇಳೋಕೆ ಬಂದೀರಿ. ಕೇಳ್ರಿ.”

ಅವನು ಬಾಯಿ ಮುಚ್ಚಿದ. ಮೂರು ನಿಮಿಷ. ನೆರೆಮನೆಯಲ್ಲಿ ಯಾರೋ ಕೊಡ ಇಳಿಸಿದರು, ಸ್ಟವ್ ಹೊತ್ತಿಸಿದರು. ಎಂಟು ವರ್ಷದ ಕೆಲಸ ಬಿಟ್ಟು ಬಂದವನು ಇನ್ನೊಬ್ಬರಿಗೆಂದು ಬಿಟ್ಟ ಮೌನದ ಅಂಚಿನಲ್ಲಿ, ಕರೆಯದ ಅತಿಥಿಯ ಹಾಗೆ ಕೂತಿದ್ದ. ಆಕೆ ನಡುವೆ ಒಮ್ಮೆ ತಲೆಯಾಡಿಸಿದಳು, ಒಮ್ಮೆ ಸಣ್ಣಗೆ ನಕ್ಕಳು. ಮೇಷ್ಟ್ರು ಏನೋ ಚೆನ್ನಾಗಿ ಹೇಳಿರಬೇಕು. ಆಮೇಲೆ ಪುಟ ತಿರುಗಿಸಿ ಮುಂದಿನ ಪದ್ಯ ಎತ್ತಿಕೊಂಡಳು.

ಎಂಟಕ್ಕೆ ಪುಸ್ತಕ ಮುಚ್ಚಿ ಬಟ್ಟೆ ಸುತ್ತಿದಳು. ‘ಕೇಳಿದವರು’ ಎಂಬಲ್ಲಿ ಅವನು ಸಹಿ ಹಾಕಿದ. ಒಂದು ಲೋಟ ಚಹಾ ಕೊಟ್ಟಳು.

ಹಾಗೇ ವಾರಗಳು ಹೋದವು. ಇಂದುಧರ ಜ್ವರ ಬಂದ ದಿನವೂ ಹೋದ, ಊರು ಬಂದ್ ಆದ ದಿನ ಸ್ಕೂಟರ್ ಬಿಟ್ಟು ನಡೆದೇ ಹೋದ. ಹತ್ತಕ್ಕೆ ಕಾಲೇಜಿನಲ್ಲಿ ಯಾರದೋ ದವಡೆ ಹಲ್ಲು ಕೀಳುತ್ತಿರುವಾಗ ಬೆಳಗಿನ ಪದ್ಯದ ಒಂದು ತುಂಡು ತಲೆಯಲ್ಲಿ ತಿರುಗುತ್ತಿರುತ್ತಿತ್ತು. ಅದರ ಅರ್ಥ ಅವನು ತನ್ನಷ್ಟಕ್ಕೇ ಬಿಡಿಸಿಕೊಳ್ಳುತ್ತಿದ್ದ, ಬಿಡಿಸಿ ಹೇಳಲು ಯಾರೂ ಇರುತ್ತಿರಲಿಲ್ಲ. ಒಂದು ದಿನ ಕೇಂದ್ರದ ಪ್ರಬಂಧ ಪ್ರಕಟವಾಯಿತು. ಫಿಲೋಮಿನಾ ಒಂದು ಪ್ರತಿ ತಂದುಕೊಟ್ಟು, “ಸಾರ್, ಮೂವತ್ತೊಂಬತ್ತು ಜನ ಅಂತ ಬರ್ದಿದ್ದಾರೆ,” ಎಂದಳು. ಅವನು ಒಮ್ಮೆ ತಿರುವಿ ನೋಡಿ ಕಪಾಟಿನಲ್ಲಿಟ್ಟ.

ಆರನೆಯ ವಾರ ಹಲ್ಲು ಅಲುಗುವುದು ನಿಂತಿತು. ಹತ್ತನೆಯ ವಾರ ದಕಾರ ಬಂತು. ಹದಿಮೂರನೆಯ ವಾರದ ಒಂದು ಬೆಳಿಗ್ಗೆ ತಕಾರ ಬಂತು, ಗಾಳಿಯಿಲ್ಲದೆ, ಕಂಚಿನ ತಟ್ಟೆಗೆ ಉಗುರು ತಾಗಿದ ಹಾಗೆ. ಕೊಟ್ರಮ್ಮ ಓದು ನಿಲ್ಲಿಸಿ, ಅದೇ ಸಾಲನ್ನು ಮತ್ತೆ ಓದಿದಳು, ಮೂರನೆಯ ಸಲವೂ ಓದಿದಳು. ಕಣ್ಣಂಚಿನಲ್ಲಿ ನೀರಿತ್ತು.

“ತಪ್ಪು ಅಕ್ಷರ ಕೇಳಿದ್ರೆ ಅವರಿಗೆ ಅನ್ನ ಸೇರ್ತಿರಲಿಲ್ಲ,” ಎಂದಳು. ಮೊದಲ ದಿನ ಕೈ ಎತ್ತಿ ತಡೆದ ಮೇಲೆ ಓದಿನ ನಡುವೆ ಆಕೆ ಅವನಿಗೆಂದು ಆಡಿದ ಮೊದಲ ಮಾತು ಅದು.

ಹದಿನಾರು ವಾರ ತುಂಬಿತು. ಬುಧವಾರ ಮಧ್ಯಾಹ್ನ ಫಿಲೋಮಿನಾ ಕ್ಲಿಪ್ ತೆಗೆದು, ಆರೂ ಹಲ್ಲುಗಳ ಮೇಲೆ ಸಣ್ಣ ಉಕ್ಕಿನ ಕಡ್ಡಿಯಿಂದ ತಟ್ಟಿ ನೋಡಿದಳು. ಆರೂ ಗಟ್ಟಿಯಾಗಿ ದನಿಗೊಟ್ಟವು. ಸಹಿಯ ಪುಸ್ತಕವನ್ನು ಮುಚ್ಚಿ ಒಳಗಿಟ್ಟುಕೊಂಡಳು.

ಗುರುವಾರ ಹತ್ತಕ್ಕೆ ಕಾಲೇಜು ತೆರೆಯುವವರೆಗೆ ಇಂದುಧರನಿಗೆ ಎಲ್ಲಿಗೂ ಹೋಗಬೇಕಾದ ಕೆಲಸವಿರಲಿಲ್ಲ. ಐದಕ್ಕೇ ಎಚ್ಚರವಾಯಿತು. ಹಾಲು ಕಾಯಿಸಿದ, ಕುಡಿಯಲಿಲ್ಲ. ಹೋದರೆ ಏನೆಂದು ಹೇಳಿಕೊಂಡು ಹೋಗುವುದು? ಹೋಗದೆ ಕೂತರೆ ಐದೂವರೆಯನ್ನು ಏನು ಮಾಡುವುದು? ಕೊನೆಗೆ ಸ್ಕೂಟರಿನ ಕೀಲಿ ತೆಗೆದುಕೊಂಡ.

ಬಾಗಿಲು ತೆರೆದೇ ಇತ್ತು. ಕೊಟ್ರಮ್ಮ ಪುಸ್ತಕ ಬಿಚ್ಚಿ ಕೂತಿದ್ದಳು. ಅವನು ಬಂದದ್ದಕ್ಕೆ ಅಚ್ಚರಿಯನ್ನೂ ತೋರಲಿಲ್ಲ, ಬಾ ಎಂದೂ ಅನ್ನಲಿಲ್ಲ. ಅವನು ತನ್ನ ಜಾಗದಲ್ಲಿ ಕೂತ. ಆಕೆ ಪದ್ಯ ಓದಿದಳು, ಸರಳವಾಗಿ ಒಮ್ಮೆ, ರಾಗದಲ್ಲಿ ಒಮ್ಮೆ. ಒಂದಕ್ಷರವೂ ಸೋರಲಿಲ್ಲ. ನಿಲ್ಲಿಸಿದಳು.

ಇಂದುಧರ ಅಭ್ಯಾಸದಂತೆ ತಲೆ ತಗ್ಗಿಸಿ ಕಾದ. ಮೂರು ನಿಮಿಷ ಆಯಿತು, ನಾಲ್ಕಾಯಿತು. ಪುಟ ತಿರುಗುವ ಸದ್ದು ಬರಲಿಲ್ಲ. ಆಕೆಗೆ ಏನಾದರೂ ಆಯಿತೇ ಎಂದು ಗಾಬರಿಯಾಗಿ ತಲೆ ಎತ್ತಿದ.

ಕೊಟ್ರಮ್ಮ ಕಣ್ಣು ತೆರೆದು ಅವನನ್ನೇ ನೋಡುತ್ತಿದ್ದಳು.

“ಹೇಳಪ್ಪ,” ಎಂದಳು.

“ನಾನಾ?”

“ಇನ್ಯಾರು ಅದಾರೆ ಇಲ್ಲಿ?”